ಯಾರ ಕೆಲಸ ಯಾರದು? ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಕಲಿತ ಒಂಬತ್ತು ಪಾಠಗಳು

ಹುನಗುಂದ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿ ಸೇರಿದೆ. ಇಳಕಲ್ಲ, ಬಾದಾಮಿ ಸುತ್ತಿ, ಕೊನೆಗೆ ಬಾಗಲಕೋಟೆ ನವನಗರದ ಜಿಲ್ಲಾ ಕಚೇರಿಯ ರೋಗ ಕಣ್ಗಾವಲು ವಿಭಾಗದಲ್ಲಿದ್ದು ನಿವೃತ್ತನಾದೆ. ಇಷ್ಟು ವರ್ಷ ಜನ ನನ್ನನ್ನು ಹೆಚ್ಚಾಗಿ ಕೇಳಿದ್ದು ಯಾವ ರೋಗದ ಬಗ್ಗೆಯೂ ಅಲ್ಲ. "ಇದನ್ನ ಯಾರಿಗೆ ಹೇಳಬೇಕ್ರೀ?" ಎಂಬುದೇ ಅವರ ಪ್ರಶ್ನೆ. ಸೊಳ್ಳೆ ಹೆಚ್ಚಾದರೆ ಯಾರಿಗೆ, ನಳದಲ್ಲಿ ಹೊಲಸು ನೀರು ಬಂದರೆ ಯಾರಿಗೆ, ನಾಯಿ ಕಚ್ಚಿದರೆ ಯಾರಿಗೆ? ಇಲಾಖೆಗೆ ಹೊಸದಾಗಿ ಬಂದ ಹುಡುಗರೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಿದ್ದರು: "ಸರ್, ಇದು ನಮ್ಮ ಸೆಕ್ಷನ್ನಿಗೆ ಬರ್ತದೇನ್ರಿ?"

ಕೆಲಸ ಹಂಚಿಕೊಂಡಿರುವುದರಲ್ಲಿ ತಪ್ಪಿಲ್ಲ. ಕ್ಷಯ, ಮಲೇರಿಯಾ, ಲಸಿಕೆ, ಹೆರಿಗೆ ಎಲ್ಲವನ್ನೂ ಒಬ್ಬ ಅಧಿಕಾರಿಯ ಕೊರಳಿಗೆ ಕಟ್ಟಿದರೆ ಯಾವುದೂ ನೆಟ್ಟಗೆ ನಡೆಯದು. ಒಂದು ಮೇಜಿಗೆ ಗೊತ್ತಾದ ಸುದ್ದಿ ಪಕ್ಕದ ಮೇಜಿಗೆ ಬರುವಷ್ಟರಲ್ಲಿ ವಾರ ಕಳೆದಿರುತ್ತದಲ್ಲ, ತೊಂದರೆ ಇರುವುದು ಅಲ್ಲಿ. ಕೆಲಸವನ್ನು ಎಷ್ಟು ಬೇಕಾದರೂ ಪಾಲು ಮಾಡಿ, ಸುದ್ದಿಯನ್ನು ಮಾತ್ರ ಪಾಲು ಮಾಡಬೇಡಿ. ಕೆಳಗಿನ ಪಾಠಗಳ ಸಾರ ಇಷ್ಟೇ.

1. ಕಚೇರಿಯ ಹೆಸರಿಗಿಂತ ಮೊದಲು ಅದು ಯಾರಿಗೆ ಉತ್ತರ ಕೊಡುತ್ತದೆ ಎಂದು ತಿಳಿಯಿರಿ

1997ರ ಆಗಸ್ಟ್ 15ರಂದು ವಿಜಯಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದಲ್ಲೇ ಜಿಲ್ಲಾ ಕಚೇರಿಗಳೂ ನೆಲೆಯಾದವು. ಹೊರಗಿನವರ ಕಣ್ಣಿಗೆ ಅಲ್ಲಿರುವುದು ಒಂದೇ ಆರೋಗ್ಯ ಇಲಾಖೆ. ಒಳಹೊಕ್ಕರೆ ದಾರಿಗಳು ಬೇರೆ ಬೇರೆ. ಜಿಲ್ಲಾ ಆರೋಗ್ಯ ಅಧಿಕಾರಿ, ಅಂದರೆ ಡಿಎಚ್‌ಓ, ಜಿಲ್ಲಾ ಪಂಚಾಯಿತಿಯ ಸಿಇಒ ಅವರ ಅಡಿಯಲ್ಲಿ ಕೆಲಸ ಮಾಡುತ್ತಾರೆ. ತಾಲ್ಲೂಕು ಆರೋಗ್ಯ ಅಧಿಕಾರಿಗಳೂ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಡಿಎಚ್‌ಓ ಕೈಕೆಳಗೆ. ಜಿಲ್ಲಾ ಆಸ್ಪತ್ರೆ ಮಾತ್ರ ಜಿಲ್ಲಾ ಶಸ್ತ್ರಚಿಕಿತ್ಸಕರದು. ಅವರ ದಾರಿ ನೇರ ಬೆಂಗಳೂರಿಗೆ.

ಚಿಕಿತ್ಸೆಯೂ ರೋಗ ತಡೆಯೂ ಒಂದೇ ಆಡಳಿತದಲ್ಲಿ ಸೇರಬೇಕೆಂದು ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಆಗಿದೆ. ಜ್ವರಕ್ಕೆ ಗುಳಿಗೆ ಕೊಡುವ ವೈದ್ಯರೇ ಆ ಜ್ವರ ಊರಿಗೆ ಹರಡದಂತೆಯೂ ನೋಡಬೇಕು. ಜಿಲ್ಲಾ ಮಟ್ಟದಲ್ಲಿ ಮಾತ್ರ ಇಂದಿಗೂ ಬಾಗಿಲು ಎರಡು.

ಡಿಎಚ್‌ಓ ಕಚೇರಿಯ ಒಂದೊಂದು ಕೋಣೆಯ ಲೆಕ್ಕವೂ ದೆಹಲಿಯ ಬೇರೆ ಬೇರೆ ಕಚೇರಿಗೆ ಹೋಗುತ್ತದೆ. ಕಣ್ಗಾವಲು ಅಧಿಕಾರಿಯದು ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೆ, ಅಂದರೆ ಎನ್‌ಸಿಡಿಸಿಗೆ. ಸೊಳ್ಳೆಯಿಂದ ಹರಡುವ ರೋಗಗಳದು ಅವುಗಳಿಗೆಂದೇ ಇರುವ ಇನ್ನೊಂದು ರಾಷ್ಟ್ರೀಯ ಕೇಂದ್ರಕ್ಕೆ. ಕ್ಷಯದ್ದು ಕೇಂದ್ರ ಕ್ಷಯ ವಿಭಾಗಕ್ಕೆ, ಎಚ್‌ಐವಿಯದು ರಾಜ್ಯದ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಮೂಲಕ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಗೆ, ಅಂದರೆ ನ್ಯಾಕೋಗೆ. ಇದರಲ್ಲೊಂದು ತಮಾಷೆಯಿದೆ. ಇಂದಿನ ಎನ್‌ಸಿಡಿಸಿ ಹುಟ್ಟಿದ್ದೇ ಮಲೇರಿಯಾ ಕಚೇರಿಯಾಗಿ: 1909ರಲ್ಲಿ ಕಸೌಲಿಯಲ್ಲಿ ಸೆಂಟ್ರಲ್ ಮಲೇರಿಯಾ ಬ್ಯೂರೋ, 1938ರಲ್ಲಿ ದೆಹಲಿಗೆ ಬಂದು ಮಲೇರಿಯಾ ಇನ್‌ಸ್ಟಿಟ್ಯೂಟ್, 1963ರಲ್ಲಿ ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಸಂಸ್ಥೆ, 2009ರಿಂದ ಈಗಿನ ಹೆಸರು. ಈಗ ಮಲೇರಿಯಾ ಕಾರ್ಯಕ್ರಮ ನಡೆಸುವುದು ಬೇರೆಯವರು. ನಿಮ್ಮ ಪತ್ರಕ್ಕೆ ಉತ್ತರ ಬಾರದಿದ್ದರೆ ಅಧಿಕಾರಿಯನ್ನು ಬೈಯುವ ಮೊದಲು ಪತ್ರ ಹೋದ ದಾರಿ ಸರಿಯೇ ಎಂದು ನೋಡಿ.

2. ಮೇಲೆ ರೋಗದ ಲೆಕ್ಕ, ಕೆಳಗೆ ಮನೆಯ ಲೆಕ್ಕ

ದೆಹಲಿಯಲ್ಲೂ ನವನಗರದಲ್ಲೂ ಕೆಲಸ ರೋಗದ ಪ್ರಕಾರ ಹಂಚಿಕೆಯಾಗುತ್ತದೆ. ಹಳ್ಳಿಗೆ ಇಳಿದರೆ ಜನಸಂಖ್ಯೆಯ ಪ್ರಕಾರ: ಬಯಲು ಸೀಮೆಯಲ್ಲಿ ಸುಮಾರು 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ, 1,000 ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ. ಇದು ನಿಯಮದ ಲೆಕ್ಕ. ಮೇಲಿನ ಎಲ್ಲ ಕೋಣೆಗಳ ಪತ್ರವೂ ಕೊನೆಗೆ ಬಂದು ಬೀಳುವುದು ಆ ಉಪಕೇಂದ್ರದ ಸಿಸ್ಟರ್ ಕೈಗೆ. ಬಸುರಿಯರ ನೋಂದಣಿ, ಮಕ್ಕಳ ಲಸಿಕೆ, ಕಫದ ಡಬ್ಬಿ, ಜ್ವರದವರ ರಕ್ತಲೇಪನ, ಬಿಪಿ-ಸಕ್ಕರೆಯ ತಪಾಸಣೆ, ಎಲ್ಲಕ್ಕೂ ಅವರೇ.

ಒಂದೊಂದು ವಿಭಾಗ ಕೇಳುವುದು ಒಂದೇ ದಿನ. ಆದರೆ ಎಲ್ಲರೂ ಕೇಳುವುದು ಅದೇ ದಿನ. ನಮ್ಮಲ್ಲಿ ಗುರುವಾರ ಲಸಿಕೆಯ ದಿನ, ತಿಂಗಳ 9ರಂದು ಬಸುರಿಯರ ತಪಾಸಣೆ. ಇದು ಇಲಾಖೆಯವರಿಗೆಲ್ಲ ಗೊತ್ತು. ಗೊತ್ತಿದ್ದೂ ಗುರುವಾರವೇ ಲಾರ್ವಾ ಸಮೀಕ್ಷೆಗೆ ದಿನ ಕೊಡುವವರನ್ನು ಕಂಡಿದ್ದೇನೆ. ಜಿಲ್ಲೆಯಿಂದ ಹೊಸ ಕೆಲಸ ಇಳಿಸುವ ಮೊದಲು ಆ ವಾರ ಅದೇ ಕೈಗೆ ಇನ್ನೆಷ್ಟು ಕೆಲಸ ಹೋಗಿದೆ ಎಂದು ತಾಲ್ಲೂಕಿಗೆ ಒಂದು ಫೋನ್ ಮಾಡಿ ಕೇಳಿ. ಕಾರ್ಯಕ್ರಮ ಕೆಡುವುದು ಹಣ ಸಾಲದೆ ಅಲ್ಲ, ಗುರುವಾರ ಸಾಲದೆ.

3. ಮೂರು ಪಟ್ಟಿ ಹೊಂದದಿದ್ದಾಗ ಸರಿಪಡಿಸಲು ಹೋಗಬೇಡಿ, ಓದಿ

2004ರಲ್ಲಿ ಶುರುವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಒಂದೇ ರೋಗವನ್ನು ಮೂವರು ಮೂರು ಕಡೆಯಿಂದ ಬರೆಯುತ್ತಾರೆ. ಎಸ್ ನಮೂನೆ ಉಪಕೇಂದ್ರದ್ದು: ಲಕ್ಷಣ ಕಂಡು ಬರೆದ ಸಂಶಯ. ಪಿ ನಮೂನೆ ವೈದ್ಯರದು: ಪರೀಕ್ಷಿಸಿ ಹೇಳಿದ ಅಂದಾಜು. ಎಲ್ ನಮೂನೆ ಪ್ರಯೋಗಾಲಯದ್ದು: ಖಚಿತವಾದದ್ದು. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿತ್ತು. 2018ರ ಕೊನೆಗೆ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಐಎಚ್‌ಐಪಿ ಎಂಬ ಗಣಕ ವ್ಯವಸ್ಥೆ ಬಂತು. 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು.

ಹೊಸದಾಗಿ ಬಂದ ಡೇಟಾ ಎಂಟ್ರಿ ಹುಡುಗರು ಮೂರೂ ಅಂಕಿ ಒಂದೇ ಆಗಬೇಕೆಂದು ಒದ್ದಾಡುತ್ತಿದ್ದರು. ಆಗಬೇಕಿಲ್ಲ. ಅವು ಹೊಂದದೆ ಇರುವಲ್ಲೇ ಸುದ್ದಿ ಇರುತ್ತದೆ. ಎಸ್ ಏರಿ ಪಿ ಏರದಿದ್ದರೆ ಜನ ಸರ್ಕಾರಿ ದವಾಖಾನೆಗೆ ಬರುತ್ತಿಲ್ಲ, ಖಾಸಗಿಯವರ ಬಳಿ ಹೋಗುತ್ತಿದ್ದಾರೆ ಎಂದು ತಿಳಿಯಬೇಕು. ಪಿ ಏರಿ ಎಲ್ ಖಾಲಿ ಇದ್ದರೆ ಮಾದರಿ ಕಳಿಸುತ್ತಿಲ್ಲ, ಇಲ್ಲವೇ ಕಿಟ್ ಮುಗಿದಿದೆ. ಎಲ್ ಏರಿ ಎಸ್ ಸುಮ್ಮನಿದ್ದರೆ ಆ ಓಣಿಗೆ ಯಾರೂ ಹೋಗಿಲ್ಲ. ಮೂರನ್ನೂ ಒಂದೇ ಹಾಳೆಯಲ್ಲಿ ಇಟ್ಟು ನೋಡುವ ಕೆಲಸ ಯಾರದೆಂದು ಹೆಸರು ಹಿಡಿದು ಗೊತ್ತುಮಾಡಿ. ಇಲ್ಲದಿದ್ದರೆ ಮೂವರೂ ಕೆಲಸ ಮಾಡಿರುತ್ತಾರೆ, ಕಣ್ಗಾವಲು ಆಗಿರುವುದಿಲ್ಲ.

4. ವಾಂತಿಭೇದಿಯನ್ನು ಎಣಿಸುವುದು ನಮ್ಮ ಕೆಲಸ, ಪೈಪ್ ನಮ್ಮದಲ್ಲ. ಆದ್ದರಿಂದ ಅಂಕಿ ಬರೆದು ಕೊಡಿ

ಮಳೆಗಾಲದ ಮೊದಲ ನೀರಿಗೆ ಯಾವುದೋ ಊರಿನಲ್ಲಿ ವಾಂತಿಭೇದಿ ಶುರುವಾಗುತ್ತದೆ. ಆರೋಗ್ಯ ಇಲಾಖೆ ಶಾಲೆಯಲ್ಲಿ ತಾತ್ಕಾಲಿಕ ದವಾಖಾನೆ ತೆರೆಯುತ್ತದೆ, ಸಲೈನ್ ಹಚ್ಚುತ್ತದೆ, ಮನೆ ಮನೆಗೆ ಓಆರ್‌ಎಸ್ ಮುಟ್ಟಿಸುತ್ತದೆ, ಮಲದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ. ಆದರೆ ಚರಂಡಿಯೊಳಗೆ ಹಾಯ್ದ ಪೈಪ್ ಗ್ರಾಮ ಪಂಚಾಯಿತಿಯದು. ದೊಡ್ಡ ಯೋಜನೆಯಾದರೆ ಗ್ರಾಮೀಣ ಕುಡಿಯುವ ನೀರು ಸರಬರಾಜು ಇಲಾಖೆಯದು. "ನೀರು ಕೆಟ್ಟೈತ್ರಿ ಸಾಹೇಬ್ರ" ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒಗೆ, ಬಾಯಿಮಾತಿನಲ್ಲಿ ಹೇಳಿದರೆ "ನೋಡ್ತೀವಿ ಬಿಡ್ರಿ" ಎಂಬ ಉತ್ತರ ಬರುತ್ತದೆ.

ಕ್ಲೋರಿನ್ ಪರೀಕ್ಷೆಯ ಸಣ್ಣ ಡಬ್ಬಿ ಈ ಮಾತುಕತೆಯನ್ನು ಬದಲಿಸುತ್ತದೆ. ಸಾಮಾನ್ಯ ದಿನಗಳಲ್ಲಿ ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು, ರೋಗ ಹರಡಿದಾಗ 0.5. ಟಾಕಿಯಲ್ಲಿ, ನಡುವಿನ ನಳದಲ್ಲಿ, ಕೊನೆಯ ಮನೆಯಲ್ಲಿ ಅಳೆದು, ಗಂಟೆ ಸಮೇತ ಬರೆದು, ಪಿಡಿಒ ಸಹಿ ಪಡೆಯಿರಿ. ಟಾಕಿಯಲ್ಲಿ ಇದ್ದದ್ದು ನಡುವೆ ಸೊನ್ನೆಯಾಗಿದ್ದರೆ ಪೈಪ್ ಒಡೆದಿರುವುದು ಆ ಎರಡರ ಮಧ್ಯೆಯೇ. ಆಗ ಎಂಜಿನಿಯರಿಗೆ ಅಗೆಯುವ ಜಾಗ ಸಿಗುತ್ತದೆ, ನಮಗೆ ಜಗಳ ತಪ್ಪುತ್ತದೆ.

2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೆ ನುಗ್ಗಿದಾಗ ಇದೇ ಪಾಠ ದೊಡ್ಡದಾಗಿ ಬಂತು. 2019ರಲ್ಲಿ ಪಟ್ಟದಕಲ್ಲು, ಐಹೊಳೆಗಳಿಗೂ ನೀರು ಬಂದಿತ್ತು. ನೆರೆಯಲ್ಲಿ ಆಶ್ರಯ ಕೇಂದ್ರ ನಡೆಸುವುದು ಕಂದಾಯ ಇಲಾಖೆ, ಅಲ್ಲಿಯ ಔಷಧ ನಮ್ಮದು, ಸತ್ತ ದನಗಳದ್ದು ಪಶುಪಾಲನೆ ಇಲಾಖೆ ಮತ್ತು ಪಂಚಾಯಿತಿ. ಜನ ಊರಿಗೆ ಮರಳುವ ದಿನ ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಹೂಳು ತುಂಬಿದ ಬಾವಿ, ಕೊಳವೆಬಾವಿಗಳ ನೀರನ್ನು ಅವರು ಮುಟ್ಟುವುದು ಆ ದಿನವೇ. ಬ್ಲೀಚಿಂಗ್ ಪೌಡರ್ ಆಶ್ರಯ ಕೇಂದ್ರಕ್ಕಿಂತ ಮೊದಲು ಆ ಖಾಲಿ ಊರಿಗೆ ಹೋಗಬೇಕು.

5. ಸೊಳ್ಳೆಗೆ ನಾಲ್ಕು ಕಚೇರಿ, ನೀರಿನ ಹೌದಿಗೆ ಒಬ್ಬರೇ ಮಾಲೀಕರು

ಇಳಕಲ್ಲ ನಗರಸಭೆಯ ಊರು. ನಳದ ನೀರು ದಿನಾ ಬರುವುದಿಲ್ಲವಾದ್ದರಿಂದ ನೇಕಾರರ ಓಣಿಗಳಲ್ಲಿ ಹೌದು, ಬ್ಯಾರಲ್, ಕೊಡಗಳೆಲ್ಲ ತುಂಬಿರುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ತಿಳಿನೀರೇ. ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ಧೂಮೀಕರಣ ನಗರಸಭೆಯದು, ಲಾರ್ವಾ ಸಮೀಕ್ಷೆ ನಮ್ಮದು, ನೀರು ಬಿಡುವ ಸರದಿ ನೀರು ಸರಬರಾಜಿನವರದು, ಶಾಲೆಯ ಟಾಕಿ ಶಿಕ್ಷಣ ಇಲಾಖೆಯದು. ಜನ ಕೇಳುವುದು ಧೂಮದ ಗಾಡಿ, ಏಕೆಂದರೆ ಕಣ್ಣಿಗೆ ಕಾಣುವುದು ಅದೇ. ಅದು ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಹೌದಿನೊಳಗಿನ ಹುಳಕ್ಕೆ ಏನೂ ಆಗುವುದಿಲ್ಲ. ವಾರಕ್ಕೊಮ್ಮೆ ಬಳಿದು ತಿಕ್ಕಿ ಒಣಗಿಸುವುದೇ ಮದ್ದು, ಅದು ಮನೆಯವರ ಕೈಯಲ್ಲೇ ಇದೆ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಸಾಕಿದ ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ದಂಡಕ್ಕಿಂತ ಹೆಚ್ಚು ಕೆಲಸ ಮಾಡುವುದು ಕೈಬ್ಯಾಟರಿ ಹಿಡಿದು ಆ ಮನೆಯ ಯಜಮಾನತಿಗೆ ಅವರದೇ ಹೌದಿನ ಹುಳ ತೋರಿಸುವುದು. "ಯವ್ವಾ, ಇವು ಸೊಳ್ಳಿ ಮರಿ ಏನ್ರಿ!" ಎಂದವರು ಮರುವಾರ ತಾವೇ ಕರೆದು ಖಾಲಿ ಹೌದು ತೋರಿಸುತ್ತಾರೆ.

ಅಂಕಿಯ ಜಗಳವೂ ಇಲ್ಲೇ ಹುಟ್ಟುತ್ತದೆ. "ಓಣಿ ತುಂಬ ಡೆಂಗಿ, ನಿಮ್ಮ ಲೆಕ್ಕದಾಗ ಇಬ್ಬರss?" ಎಂದು ಪತ್ರಕರ್ತರು ಕೇಳುತ್ತಾರೆ. ಖಾಸಗಿಯವರು ಮಾಡುವುದು ಹೆಚ್ಚಾಗಿ ಕಾರ್ಡ್ ಪರೀಕ್ಷೆ. ಸರ್ಕಾರ ಖಚಿತವೆಂದು ಎಣಿಸುವುದು ಎಲೈಸಾ ಪರೀಕ್ಷೆಯನ್ನು: ಜ್ವರದ ಮೊದಲ ಐದು ದಿನ ಎನ್‌ಎಸ್1, ಆಮೇಲೆ ಐಜಿಎಂ. ಎರಡೂ ಲೆಕ್ಕ ಸುಳ್ಳಲ್ಲ. ಕಾರ್ಡಿನ ಅಂಕಿ ಓಣಿಗೆ ಓಡಲು, ಎಲೈಸಾ ಅಂಕಿ ದೆಹಲಿಗೆ ಬರೆಯಲು.

6. ಸೇತುವೆಯನ್ನು ಸ್ನೇಹಕ್ಕೆ ಬಿಡಬೇಡಿ, ನಮೂನೆಯಲ್ಲೇ ಅಚ್ಚು ಹಾಕಿಸಿ

ಒಂದು ಕಾಲಕ್ಕೆ ರಾಜ್ಯದಲ್ಲಿ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಎಚ್‌ಐವಿ ಇದ್ದವರಿಗೆ ಕ್ಷಯ ಬೇಗ ತಗಲುತ್ತದೆ. ರೋಗಿ ಒಬ್ಬರೇ, ಕಾರ್ಯಕ್ರಮ ಎರಡು, ಸಿಬ್ಬಂದಿ ಬೇರೆ, ಹಣದ ದಾರಿ ಬೇರೆ. ಮೊದಲು ಎರಡೂ ಕಡೆಯ ಸಿಬ್ಬಂದಿ ಪರಿಚಯದವರಾಗಿದ್ದರೆ ಕೆಲಸ ಸಾಗುತ್ತಿತ್ತು, ಒಬ್ಬರಿಗೆ ವರ್ಗವಾದರೆ ನಿಲ್ಲುತ್ತಿತ್ತು. ಕ್ಷಯದ ಚಿಕಿತ್ಸಾ ಕಾರ್ಡಿನಲ್ಲೇ ಎಚ್‌ಐವಿ ಪರೀಕ್ಷೆಯ ಕಾಲಂ ಬಂದ ಮೇಲೆ, ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಪ್ರತಿ ಭೇಟಿಗೂ ಕೆಮ್ಮು-ಜ್ವರ ಕೇಳುವ ನಿಯಮವಾದ ಮೇಲೆ, ಯಾರು ಬಂದರೂ ಯಾರು ಹೋದರೂ ಅದು ನಡೆಯಿತು. ನಾನು ಕಂಡ ಅತ್ಯಂತ ಗಟ್ಟಿಯಾದ ಸಮನ್ವಯ ಸಭೆಯಲ್ಲಿ ಆದದ್ದಲ್ಲ, ಒಂದು ಕಾಲಮ್ಮಿನಲ್ಲಿ ಆದದ್ದು.

7. ಕಾರಣ ಬೇರೆ ಇಲಾಖೆಯಲ್ಲಿದ್ದರೂ ಪ್ರಶ್ನೆ ನಮ್ಮದೇ

ಇಳಕಲ್ಲಿನ ಕೆಂಪು ಗ್ರಾನೈಟ್ ದೇಶದಾಚೆಗೂ ಹೋಗುತ್ತದೆ. ಕಲ್ಲು ಕೊರೆಯುವವನ ಎದೆಗೆ ಹೋಗುವ ದೂಳು ಇಲ್ಲೇ ಉಳಿಯುತ್ತದೆ. ಸಿಲಿಕೋಸಿಸ್‌ನ ಕೆಮ್ಮು, ದಮ್ಮು, ಸೊರಗುವುದು ಎಲ್ಲವೂ ಕ್ಷಯದಂತೆಯೇ ಕಾಣುತ್ತವೆ. ಮೇಲಾಗಿ ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಭಯವೂ ಹೆಚ್ಚು. ಈ ರೋಗ ಕಂಡರೆ ವರದಿ ಮಾಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೂ 1952ರ ಗಣಿ ಕಾಯ್ದೆಯೂ ಹೇಳುತ್ತಿದ್ದವು. ಆದರೆ ಕಲ್ಲು ಕ್ವಾರಿಯಲ್ಲಿರುವಾಗ ಕೇಂದ್ರದ ಗಣಿ ಸುರಕ್ಷತೆಯವರ ಪಾಲು, ಪಾಲಿಶ್ ಕಾರ್ಖಾನೆಗೆ ಬಂದರೆ ರಾಜ್ಯದ ಕಾರ್ಖಾನೆ ಇಲಾಖೆಯ ಪಾಲು. ಕೆಮ್ಮುವವನು ಬರುವುದು ಮಾತ್ರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಕಫದಲ್ಲಿ ಏನೂ ಸಿಗಲಿಲ್ಲ ಎಂದು ಅವನನ್ನು ಮನೆಗೆ ಕಳಿಸುವ ಮೊದಲು "ಏನು ಕೆಲಸ ಮಾಡ್ತೀಯಪ್ಪಾ, ಎಷ್ಟು ವರ್ಷದಿಂದ?" ಎಂದು ಕೇಳಿ ಬರೆದುಕೊಳ್ಳಿ. ಆ ಒಂದು ಸಾಲು ಇಲ್ಲದೆ ಬೇರೆ ಯಾವ ಇಲಾಖೆಯನ್ನೂ ಎಬ್ಬಿಸಲಾಗುವುದಿಲ್ಲ.

ಫ್ಲೋರೈಡ್ ಕಥೆಯೂ ಇದೇ. ಹುನಗುಂದ, ಇಳಕಲ್ಲ, ಬಾದಾಮಿ ಭಾಗದ ಕೆಲವು ಕೊಳವೆಬಾವಿಗಳಲ್ಲಿ ಅದು ಹೆಚ್ಚು. ಬೇರೆ ನೀರು ಇಲ್ಲದಿದ್ದರೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಮಕ್ಕಳ ಹಲ್ಲಿನ ಕಂದು ಕಲೆ ಮೊದಲು ಕಾಣುವುದು ಶಾಲಾ ತಪಾಸಣೆಯ ನಮ್ಮ ತಂಡಕ್ಕೆ. ನೀರು ಬದಲಿಸುವ ಅಧಿಕಾರ ನೀರು ಸರಬರಾಜಿನವರಿಗೆ. ಶಾಲೆವಾರು ಪಟ್ಟಿಯನ್ನು ಅವರ ಕೊಳವೆಬಾವಿ ಪಟ್ಟಿಯ ಪಕ್ಕ ಇಟ್ಟು ನೋಡಿದರೆ ಯಾವ ಬೋರ್ ಮುಚ್ಚಬೇಕೆಂದು ತಾನಾಗಿ ಗೊತ್ತಾಗುತ್ತದೆ. ಜೊತೆಗೆ ತಾಯಂದಿರಿಗೆ ಒಂದು ಮಾತು ಹೇಳಿ: ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

8. ಗಡಿಯಲ್ಲಿ ರೋಗಿ ಕಳೆಯುತ್ತಾನೆ, ವಿಳಾಸ ಪೂರ್ತಿ ಬರೆಯಿರಿ

ಹುನಗುಂದದಿಂದ ಇಳಕಲ್ಲ, ಬಾದಾಮಿಯಿಂದ ಗುಳೇದಗುಡ್ಡ ಬೇರೆ ತಾಲ್ಲೂಕುಗಳಾಗಿವೆ. ತಾಲ್ಲೂಕು ಹೊಸದಾದ ದಿನವೇ ಎಲ್ಲ ಇಲಾಖೆಗಳ ಕಚೇರಿ, ಹುದ್ದೆ, ನಕ್ಷೆ ಹೊಸದಾಗುವುದಿಲ್ಲ. ಕಂದಾಯದ ಪ್ರಕಾರ ಒಂದು ತಾಲ್ಲೂಕಿನಲ್ಲಿರುವ ಹಳ್ಳಿ ನಮ್ಮ ಹಳೇ ಪಟ್ಟಿಯಲ್ಲಿ ಇನ್ನೊಂದರಲ್ಲಿ ಇರುತ್ತದೆ. ಇಳಕಲ್ಲ ದಾಟಿದರೆ ಕುಷ್ಟಗಿ, ಅದು ಕೊಪ್ಪಳ ಜಿಲ್ಲೆ. ಆ ಕಡೆಯವರು ಈ ಕಡೆಯ ದವಾಖಾನೆಗೆ ಬರುತ್ತಾರೆ, ಈ ಕಡೆಯವರು ಆ ಕಡೆ ಹೋಗುತ್ತಾರೆ. ನವನಗರದ ದೊಡ್ಡ ಆಸ್ಪತ್ರೆಗಳಿಗೆ ಸುತ್ತಲ ಜಿಲ್ಲೆಗಳವರೆಲ್ಲ ಬರುತ್ತಾರೆ. ವರದಿಯಲ್ಲಿ ಬರೀ "ಬಾಗಲಕೋಟೆ" ಎಂದಿದ್ದರೆ ರೋಗ ಆಸ್ಪತ್ರೆಯ ಊರಿನ ಲೆಕ್ಕಕ್ಕೆ ಸೇರುತ್ತದೆ, ರೋಗಿಯ ಓಣಿಯಲ್ಲಿ ಸೊಳ್ಳೆ ಹಾಯಾಗಿರುತ್ತದೆ. ಹಳ್ಳಿ, ಓಣಿ, ಫೋನ್, ಜ್ವರ ಬಂದಾಗ ಎಲ್ಲಿದ್ದರು: ಈ ನಾಲ್ಕು ಬರೆಯಿರಿ. ನಮ್ಮವರಲ್ಲದಿದ್ದರೆ ಅದೇ ದಿನ ಅತ್ತ ತಿಳಿಸಿ. ಕೂಲಿಗೆ ಗೋವಾ, ಮಂಗಳೂರು ಸೀಮೆಗೆ ಗುಳೆ ಹೋಗಿ ಬರುವವರ ಮಲೇರಿಯಾ ಜ್ವರಕ್ಕೆ ನಾಲ್ಕನೇ ಪ್ರಶ್ನೆಯೇ ಮುಖ್ಯ.

9. ಇಲಾಖೆ ಫೋನ್ ಎತ್ತುವುದಿಲ್ಲ, ಮನುಷ್ಯ ಎತ್ತುತ್ತಾನೆ

ಬಾದಾಮಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ. ತೇರು ಎಳೆದ ಮೇಲೂ ಅಂಗಡಿ, ನಾಟಕ ಕಂಪನಿಗಳು ವಾರಗಟ್ಟಲೆ ಇರುತ್ತವೆ. ಜಾತ್ರೆ ಬಾದಾಮಿಯದೆಂದು ಕರೆದರೂ ಜಾಗ ಚೊಳಚಗುಡ್ಡದ್ದು. ನೀರು, ಕಸ ಅಲ್ಲಿಯ ಗ್ರಾಮ ಪಂಚಾಯಿತಿಯ ಜವಾಬ್ದಾರಿ. ತಿನಿಸಿನ ಅಂಗಡಿಗಳನ್ನು ನೋಡುವುದು ಆಹಾರ ಸುರಕ್ಷತಾ ಅಧಿಕಾರಿ, ದವಾಖಾನೆ ನಮ್ಮದು, 108 ಆಂಬುಲೆನ್ಸ್ ನನ್ನ ಕಾಲದಲ್ಲಿ ಬೇರೆಯವರದು. ಇಲ್ಲಿ ಕಲಿತದ್ದು ಒಂದು ಹಾಳೆಯ ವಿದ್ಯೆ: ಎಡಕ್ಕೆ ಕೆಲಸ, ನಡುವೆ ಒಬ್ಬರ ಹೆಸರು ಮತ್ತು ಫೋನ್, ಬಲಕ್ಕೆ ಅವರು ಇಲ್ಲದಿದ್ದರೆ ಇನ್ನೊಬ್ಬರ ಹೆಸರು. "ಸಂಬಂಧಪಟ್ಟ ಇಲಾಖೆ" ಎಂದು ಬರೆದ ಸಾಲು ಯಾವತ್ತೂ ಕೆಲಸ ಮಾಡಿಲ್ಲ.

2020ರ ಮೇ ತಿಂಗಳಲ್ಲಿ ಬಾದಾಮಿ ತಾಲ್ಲೂಕಿನ ಡಾಣಕಶಿರೂರಿನಲ್ಲಿ ಒಮ್ಮೆಲೇ ಹಲವರಿಗೆ ಕೋವಿಡ್ ದೃಢಪಟ್ಟಾಗ ಜಿಲ್ಲೆಗೆ ಬೇಕಾದದ್ದೂ ಇಂಥ ಹಾಳೆಯೇ. ಗಂಟಲದ್ರವ ತೆಗೆಯುವವರು, ಊರ ಗಡಿ ಕಾಯುವವರು, ಮನೆಗಳಿಗೆ ದಿನಸಿ ಮುಟ್ಟಿಸುವವರು ಎಲ್ಲ ಬೇರೆ ಇಲಾಖೆಯವರು. ಒಬ್ಬರಿಗೊಬ್ಬರು ಹೆಸರಿನಿಂದ ಗೊತ್ತಿದ್ದಲ್ಲಿ ಕೆಲಸ ಸುಗಮವಾಗುತ್ತದೆ.

ಒಟ್ಟು ಅನುಭವದಿಂದ ನನ್ನ ತೀರ್ಮಾನ ಹೀಗಿದೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿದರೇ ಸೀರೆ. ಆರೋಗ್ಯ ಇಲಾಖೆಯಲ್ಲಿ ಆ ಕೂಡಿಸುವ ಜಾಗ ತಾಲ್ಲೂಕು ಆರೋಗ್ಯ ಕಚೇರಿ. ಮೇಲಿನ ಎಲ್ಲ ಕಾರ್ಯಕ್ರಮಗಳೂ ಕೆಳಗಿನ ಎಲ್ಲ ಮನೆಗಳೂ ಒಬ್ಬ ಅಧಿಕಾರಿಗೆ ಒಟ್ಟಿಗೆ ಕಾಣುವುದು ಅಲ್ಲಿ ಮಾತ್ರ. ಅಲ್ಲಿ ಸಿಬ್ಬಂದಿ ಕಡಿಮೆ ಇಟ್ಟು ಜಿಲ್ಲೆಯಲ್ಲಿ ಎಷ್ಟು ವಿಭಾಗ ಹೆಚ್ಚಿಸಿದರೂ ಪ್ರಯೋಜನವಿಲ್ಲ. ಹೊಸ ಹುದ್ದೆ ಮಂಜೂರಾದರೆ ಮೊದಲನೆಯದು ಅಲ್ಲಿಗೆ ಬರಲಿ.

ಓದುಗರಿಗೂ ಒಂದು ಕೋರಿಕೆ. ನಳದ ನೀರು ಕೆಟ್ಟರೆ ಪಂಚಾಯಿತಿಗೆ ಅಥವಾ ಪುರಸಭೆ, ನಗರಸಭೆಗೆ ಹೇಳಿ. ಹೇಳಿದ್ದನ್ನು ಬರೆದು ಕೊಡಿ. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಸರ್ಕಾರಿ ದವಾಖಾನೆಗೆ ಹೋಗಿ. ನಾಯಿಯ ದೂರು ಆಮೇಲೆ ಸ್ಥಳೀಯ ಸಂಸ್ಥೆಗೆ. ಒಂದೇ ಓಣಿಯಲ್ಲಿ ಒಂದೇ ವಾರ ಇಬ್ಬರು ಮೂವರಿಗೆ ಒಂದೇ ಥರದ ಜ್ವರವೋ ಭೇದಿಯೋ ಕಂಡರೆ, ಅದು ಯಾರ ಕೆಲಸ ಎಂದು ಯೋಚಿಸುತ್ತ ಕೂರಬೇಡಿ. ನಿಮ್ಮ ಓಣಿಯ ಆಶಾ ಅಕ್ಕನಿಗೆ ಅಂದೇ ತಿಳಿಸಿ. ಮುಂದಿನದನ್ನು ಹಂಚಿಕೊಳ್ಳುವುದು ಕಚೇರಿಗಳ ಕೆಲಸ.